ಕೈ ತಾಗದ ಇಡ್ಲಿ

2022ರಲ್ಲಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿ ಇಡ್ಲಿಯ ಯಂತ್ರವೊಂದು ಬಂದಾಗ ಜನ ಬೆರಗಾದರು. 12 ನಿಮಿಷಕ್ಕೆ 72 ಇಡ್ಲಿ, ಅದೂ ಹಗಲಿರುಳೆನ್ನದೆ! ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ರಾತ್ರಿ ಪಾಳಿ ದುಡಿಯುವವರಿಗೆ ಇಂಥದ್ದು ದೊರೆತರೆ ಉಪಕಾರವೇ ಸರಿ, ಹಳಿಯಬೇಕಿಲ್ಲ. ತಕರಾರಿರುವುದು, ಮನುಷ್ಯರ ಕೈ ತಾಗದ್ದರಿಂದಲೇ ಅದು ಶುಚಿ ಎಂಬ ಹೊಗಳಿಕೆಯ ಬಗ್ಗೆ. ಹಿಟ್ಟನ್ನು ಉಬ್ಬಿಸುವುದು ಯಂತ್ರವಲ್ಲ, ಉದ್ದಿನಬೇಳೆಯೊಡನೆ ಬರುವ ಲ್ಯೂಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿ. ಆ ಉದ್ದನ್ನು ಬಿತ್ತಿ, ಕಳೆ ತೆಗೆದು, ಬಡಿದು, ಕೇರಿದ್ದು ಮಣ್ಣು ಮೆತ್ತಿದ ಕೈಗಳೇ. ಮಲೆನಾಡಿನಿಂದ ಹೋದ ಎಷ್ಟೋ ಹುಡುಗರು ಪಟ್ಟಣದಲ್ಲಿ ಮೊದಲ ಸಂಬಳ ಎಣಿಸಿದ್ದು ಹೋಟೆಲಿನಲ್ಲಿ ಇಡ್ಲಿ ಬಡಿಸಿಯೇ. ಇಂದು ಕೊಳಕೆನಿಸುತ್ತಿರುವುದು ಅವರ ಕೈಗಳೇ? ಯಂತ್ರ ಕೊಟ್ಟ ಪೊಟ್ಟಣವನ್ನು ಯಾರೋ ರಸ್ತೆಗೆ ಎಸೆದರೆ, ಬೆಳಗ್ಗೆ ಅದನ್ನು ಎತ್ತುವುದೂ ಪೌರಕಾರ್ಮಿಕರ ಕೈ.