ಕಪ್ಪು ಕೋಟು ಕಪಾಟಿನಲ್ಲೇಕೆ?

ಮಗಳು ಎಲ್.ಎಲ್.ಬಿ. ಮುಗಿಸಿದಳೆಂದು ಊರಿಗೆಲ್ಲ ಸಿಹಿ ಹಂಚುವ ನಾವು, 'ಮದುವೆಯ ಬಳಿಕ ಕೋರ್ಟಿಗೆ ಹೋಗಕೂಡದು' ಎಂಬ ವರನ ಕಡೆಯವರ ಶರತ್ತಿಗೆ ಮರುಮಾತಿಲ್ಲದೆ ತಲೆಯಾಡಿಸುತ್ತೇವೆ. ಇತ್ತ ತಲಾಕ್‌ಗೊಳಗಾದ ಸಹೋದರಿಯು ತನ್ನ ದಾಂಪತ್ಯದ ಕಹಿಯನ್ನು ಪರಪುರುಷ ವಕೀಲರೆದುರು ತೆರೆದಿಡಲು ನಾಚಿ ಅರ್ಧ ಸತ್ಯವನ್ನಷ್ಟೇ ಹೇಳಿ ಮರಳುತ್ತಾಳೆ. (ಪರ್ದಾದ ಕುರಿತ ನಮ್ಮ ಕಾಳಜಿ ಆಗ ಎಲ್ಲಿರುತ್ತದೋ!)

ವಿಚ್ಛೇದಿತೆಯ ಭವಿಷ್ಯಕ್ಕೂ ಸಾಲುವ ನ್ಯಾಯೋಚಿತ ಏರ್ಪಾಡನ್ನು ಮಾಜಿ ಪತಿಯು ಇದ್ದತ್‌ನ ಅವಧಿಯೊಳಗೇ ಮಾಡಬೇಕೆಂದು ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲೇ ತೀರ್ಪಿತ್ತಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕು ನೀಡಿದೆ. ಆದರೆ ಆಕೆಯ ಮಾತನ್ನು ಪೂರ್ತಿ ಕೇಳಿ ಅರ್ಜಿ ಬರೆಯುವವರಾರು?

ಮಕ್ಕಳು, ಅಡುಗೆ, ವೃದ್ಧ ಅತ್ತೆ-ಮಾವ ಇವೆಲ್ಲ ನೆಪಗಳಲ್ಲ, ನಿಜವಾದ ಹೊಣೆಗಳೇ. ಅವು ಆಕೆಯೊಬ್ಬಳ ಹೆಗಲಿಗೇ ಏಕೆ? ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ತಿಳಿಸಿದವರು ಸ್ವತಃ ಹ. ಆಯಿಶಾ(ರ). ಗಡ್ಡದ ಸುನ್ನತ್ತಿಗಿರುವ ಜನಪ್ರಿಯತೆ ಈ ಸುನ್ನತ್ತಿಗೇಕೋ ನಮ್ಮಲ್ಲಿ ದೊರೆತಿಲ್ಲ.

ಜಮಾಅತ್ ಕಮಿಟಿಗಳು ವಾರಕ್ಕೊಂದು ಅಪರಾಹ್ನ ಮದ್ರಸದ ಒಂದು ಕೊಠಡಿಯನ್ನು ವಕೀಲೆಯರಿಗೆ ಬಿಟ್ಟುಕೊಡಲಿ. ಸಮುದಾಯ ಸೇವೆಯ ಹೆಸರಲ್ಲಿ ಅವರನ್ನು ಪುಕ್ಕಟೆ ದುಡಿಸುವುದೂ ಬೇಡ. ಕಮಿಟಿಯ ನಿಧಿಯಿಂದ ಗೌರವಧನ ಸಲ್ಲಲಿ. ಆ ಅಪರಾಹ್ನ ಮಕ್ಕಳನ್ನು ಗಂಡಂದಿರು ನೋಡಿಕೊಳ್ಳಲಿ.