ಹೊಗೆಯೂ ಹದವೂ

‘ಹದ’ ಎಂಬ ಎರಡಕ್ಷರದ ಮಾತಿನಲ್ಲಿ ನಮ್ಮ ಹಿರಿಯರು ಎಷ್ಟೊಂದು ತಿಳಿವಳಿಕೆಯನ್ನು ತುಂಬಿಟ್ಟಿದ್ದಾರೆ! ಉಳುವ ಮಣ್ಣಿಗೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಕಮ್ಮಾರನ ಕಬ್ಬಿಣಕ್ಕೆ ಹದವುಂಟು, ಹಪ್ಪಳದ ಹಿಟ್ಟಿಗೂ ಹದವುಂಟು. ಇದನ್ನು ಯಾರೂ ಪುಸ್ತಕದಿಂದ ಕಲಿತವರಲ್ಲ. ಕಣ್ಣು, ಕೈ, ಮೂಗುಗಳೇ ಇದರ ಗುರುಗಳು. ಆದರೆ ಈ ಗುರುಗಳೂ ತಮ್ಮ ಪಾಠವನ್ನು ಕಲಿತದ್ದು ಒಂದು ನೆಲದಲ್ಲಿ, ಒಂದು ಗಾಳಿಯಲ್ಲಿ ಎಂಬುದನ್ನು ನಾವು ಮರೆಯುತ್ತೇವೆ. ನೆಲ ಬದಲಾದರೆ ಹದವೂ ಬದಲಾಗಬೇಕು. ಹಾಗಾಗದೆ ಹಳೆಯ ಕೆಲಸದ ಹೊರರೂಪವೊಂದೇ ಹೊಸ ಜಾಗಕ್ಕೆ ಬಂದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಮನೆಗಳ ಹಿತ್ತಿಲಲ್ಲಿ ತಯಾರಾಗುವ ‘ಜರ್ಕಿ’ ಒಂದು ಒಳ್ಳೆಯ ನಿದರ್ಶನ.

ಜರ್ಕಿಯೆಂದರೆ ಉಪ್ಪು ಹಚ್ಚಿ ಒಣಗಿಸಿದ ಮಾಂಸದ ತೆಳುಪಟ್ಟಿ. ಹೆಚ್ಚಾಗಿ ದನದ ಮಾಂಸ. ಬೇಟೆಯ ಕಾಲದಲ್ಲಿ ಜಿಂಕೆಯ ಮಾಂಸವೂ ಆಗುವುದುಂಟು. ಸೌದೆಯ ಹೊಗೆಯನ್ನು ಒಳಗೇ ಸುತ್ತಿಸುವ ‘ಸ್ಮೋಕರ್’ ಎಂಬ ಲೋಹದ ಪೆಟ್ಟಿಗೆಯಲ್ಲಿ ಇದನ್ನು ಮನೆಯಲ್ಲೇ ಮಾಡಿಕೊಳ್ಳುವುದು ಅಲ್ಲಿಯ ಅನೇಕರಿಗೆ ರಜಾದಿನದ ಹವ್ಯಾಸ. ಸಾಹಿತ್ಯದ ಪುಟದಲ್ಲಿ ದನದ ಮಾಂಸದ ಪ್ರಸ್ತಾಪವೇ ಎಂದು ಹುಬ್ಬೇರಿಸುವ ವಾಚಕರೂ ಇರಬಹುದು. ಮನುಷ್ಯನು ತನ್ನ ಅನ್ನವನ್ನು ನಾಳೆಗೆ ಉಳಿಸಿಕೊಳ್ಳಲು ಪಟ್ಟ ಪಾಡು ಸಂಸ್ಕೃತಿಯ ಕಥೆಯೇ ಆದ್ದರಿಂದ ಅಂಥವರು ಕೊಂಚ ಸೈರಿಸಬೇಕೆಂದು ಬೇಡುತ್ತೇನೆ.

‘ಜರ್ಕಿ’ ಇಂಗ್ಲಿಷಿನ ಸ್ವಂತ ಮಾತಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತವಾಸಿಗಳ ಕೆಚುವಾ ಭಾಷೆಯ ‘ಚಾರ್ಕಿ’ ಎಂಬ ಶಬ್ದ ಸ್ಪ್ಯಾನಿಷರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಬಂದು ಹೀಗಾಯಿತು. ಆ ಪರ್ವತಗಳ ನಡುವಣ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಹಗಲೆಲ್ಲ ತೀಕ್ಷ್ಣವಾದ ಬಿಸಿಲು. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಗಾಳಿಯಲ್ಲಿ ತೇವವೆಂಬುದು ಅತ್ಯಲ್ಪ. ಲಾಮಾ ಎಂಬ ಸಾಕುಪ್ರಾಣಿಯ ಮಾಂಸವನ್ನು ಉಪ್ಪು ಹಚ್ಚಿ ಹರವಿದರೆ ಚಳಿ, ಬಿಸಿಲುಗಳೆರಡೂ ಸರದಿಯಂತೆ ಅದರ ನೀರನ್ನು ಹೀರಿಬಿಡುತ್ತಿದ್ದವು. ಇಂಕಾ ಅರಸರ ಉಗ್ರಾಣಗಳಲ್ಲಿ ಹೀಗೆ ಒಣಗಿಸಿದ ಮಾಂಸವನ್ನು ಕೂಡಿಡುತ್ತಿದ್ದರು. ಅಲ್ಲಿ ಅರ್ಧ ಕೆಲಸ ಮನುಷ್ಯನದು. ಉಳಿದರ್ಧವನ್ನು ಪರ್ವತವೇ ಮಾಡಿಕೊಡುತ್ತಿತ್ತು.

ಉತ್ತರ ಅಮೆರಿಕದ ಹುಲ್ಲುಬಯಲಿನ ಮೂಲನಿವಾಸಿಗಳ ಕಥೆಯೂ ಇಂಥದೇ. ಬೈಸನ್ ಮಾಂಸವನ್ನು ತೆಳ್ಳಗೆ ಸೀಳಿ ಗಳುಗಳ ಮೇಲೆ ನೇತುಹಾಕಿದರೆ ಬಯಲಿನ ಒಣಗಾಳಿಯೇ ಅದನ್ನು ಒಣಗಿಸುತ್ತಿತ್ತು. ಕೆಳಗೆ ಹೊಗೆಯಾಡುವ ಸಣ್ಣ ಬೆಂಕಿ ನೊಣಗಳನ್ನು ದೂರವಿಡುತ್ತಿತ್ತು. ಒಣಗಿದ್ದನ್ನು ಕುಟ್ಟಿ, ಕರಗಿಸಿದ ಕೊಬ್ಬಿನೊಡನೆ ಬೆರೆಸಿದರೆ ‘ಪೆಮ್ಮಿಕನ್’ ಎಂಬ ಬುತ್ತಿ ಸಿದ್ಧವಾಗುತ್ತಿತ್ತು. ಇದರ ಬೆಲೆಯೆಷ್ಟೆಂಬುದನ್ನು ತಿಳಿಯಲು ಒಂದು ಸಂಗತಿ ಸಾಕು: ಇಂದಿನ ಕೆನಡಾದ ರೆಡ್ ರಿವರ್ ವಸಾಹತಿನ ಗವರ್ನರನು 1814ರಲ್ಲಿ ಪೆಮ್ಮಿಕನ್ನನ್ನು ಹೊರಗೆ ಸಾಗಿಸಕೂಡದೆಂದು ಆಜ್ಞೆ ಹೊರಡಿಸಿದಾಗ, ತುಪ್ಪಳದ ವ್ಯಾಪಾರಿಗಳಿಗೂ ವಸಾಹತಿಗೂ ನಡುವೆ ಕಾದಾಟವೇ ಹೊತ್ತಿಕೊಂಡಿತು.

ಇಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಬೇಸಗೆಯ ಬಿಸಿಲಿನಲ್ಲಿ ನಮ್ಮ ಬಯಲುಸೀಮೆಯ ಕೇರಿಗಳಲ್ಲಿ ಮಾಂಸವನ್ನು ಉದ್ದುದ್ದ ಸೀಳಿ ಹಗ್ಗದ ಮೇಲೆ ಒಣಹಾಕುವ ರೂಢಿ ಹಳೆಯದು. ಕೊರಬಾಡೆಂದೋ ಒಣಬಾಡೆಂದೋ ಕರೆಸಿಕೊಳ್ಳುವ ಅದು ಕೆಲಸ ಸಿಗದ ದಿನಗಳ ಆಧಾರ. ಅಲ್ಲಿ ಬಿಸಿಲೊಂದೇ ಸಾಕು. ಮಳೆಗಾಲದ ಉದ್ದಕ್ಕೂ ಬಿಸಿಲು ಕಾಣದ ಕೊಡಗಿನಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲ. ಆದ್ದರಿಂದಲೇ ಅಲ್ಲಿ ಮಾಂಸವನ್ನು ಒಲೆಯ ಮೇಲ್ಗಡೆ ತೂಗುಹಾಕಿ ಕಾವಿನಲ್ಲೂ ಹೊಗೆಯಲ್ಲೂ ಒಣಗಿಸುತ್ತಾರೆ. ಒಂದೇ ನಾಡಿನ ಎರಡು ಸೀಮೆಗಳಲ್ಲಿ ಎರಡು ಕ್ರಮಗಳು. ಎರಡಕ್ಕೂ ಕಾರಣ ಆಯಾ ಸೀಮೆಯ ಆಕಾಶ. ಇನ್ನೂ ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಕೊರಬಾಡನ್ನಾಗಲಿ, ಕೊಡಗಿನ ಒಣಮಾಂಸವನ್ನಾಗಲಿ ತಿನ್ನುವ ಮೊದಲು ಬೆಂಕಿಗೆ ಒಡ್ಡುವುದುಂಟು. ಸಾರಿನ ಮಡಕೆಯಲ್ಲಿ ಅದು ಚೆನ್ನಾಗಿ ಕುದಿಯುತ್ತದೆ. ಒಣಗಿಸುವಾಗ ಏನಾದರೂ ದೋಷ ಉಳಿದಿದ್ದರೆ ಆ ಕುದಿತದಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ.

ಹಿತ್ತಿಲಿನ ಜರ್ಕಿಗೆ ಈ ಎರಡು ರಕ್ಷೆಗಳೂ ಇಲ್ಲ. ಒಣಗಿಸಿಕೊಡುವ ಪರ್ವತದ ಗಾಳಿಯಿಲ್ಲ. ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಬಾಯಿಗೆ ಹಾಕಿಕೊಳ್ಳುವ ತಿನಿಸಾದ್ದರಿಂದ ಸಾರಿನ ಮಡಕೆಯೂ ಇಲ್ಲ. ಉಳಿದಿರುವುದು ಉಪ್ಪು, ಹೊಗೆ, ಮತ್ತು ‘ನಮ್ಮ ತಾತಂದಿರೂ ಹೀಗೆಯೇ ಮಾಡುತ್ತಿದ್ದರು’ ಎಂಬ ಧೈರ್ಯ. ಈ ಧೈರ್ಯ ಎಷ್ಟು ದುಬಾರಿಯಾಗಬಹುದೆಂಬುದು 1995ರಲ್ಲಿ ಆರೆಗನ್ ರಾಜ್ಯದಲ್ಲಿ ಕಂಡುಬಂತು. ಮನೆಯಲ್ಲಿ ಮಾಡಿದ ಜಿಂಕೆಯ ಜರ್ಕಿಯಿಂದ ಹನ್ನೊಂದು ಮಂದಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿಯೊಂದಕ್ಕೆ ತುತ್ತಾಗಿ ಕಾಯಿಲೆ ಬಿದ್ದರು. ಆ ಮಾಂಸವನ್ನು ಒಣಗಿಸಿದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಕಾವಿನಲ್ಲಿ. ಅನಂತರ ಪ್ರಯೋಗ ಮಾಡಿ ನೋಡಿದವರಿಗೆ, ಸುಮಾರು 63 ಡಿಗ್ರಿಯಲ್ಲಿ ಹತ್ತು ಗಂಟೆ ಒಣಗಿಸಿದ ಮೇಲೂ ಆ ಬ್ಯಾಕ್ಟೀರಿಯಾಗಳು ಜೀವಂತವಾಗಿ ಸಿಕ್ಕವು.

ಇದು ಹೇಗೆ ಸಾಧ್ಯ? ಉತ್ತರ ನಮ್ಮ ಮನೆಯ ಮೂಲೆಯ ಮಣ್ಣಿನ ಹೂಜಿಯಲ್ಲಿದೆ. ಬೇಸಗೆಯಲ್ಲಿ ಹೂಜಿಯ ನೀರು ತಣ್ಣಗಿರುವುದು ಅದರ ಮೈಯಿಂದ ಒಸರುವ ನೀರು ಆವಿಯಾಗುವಾಗ ಕಾವನ್ನು ಹೊತ್ತೊಯ್ಯುವುದರಿಂದ. ಹಸಿಮಾಂಸದ ನೂರರಲ್ಲಿ ಸುಮಾರು ಎಪ್ಪತ್ತೈದು ಪಾಲು ನೀರು. ಪೆಟ್ಟಿಗೆಯ ಒಳಗೆ ಗಾಳಿ 60 ಡಿಗ್ರಿ ಕಾದಿದ್ದರೂ, ನೀರು ಆವಿಯಾಗುತ್ತಿರುವಷ್ಟು ಹೊತ್ತೂ ಮಾಂಸ ಹೂಜಿಯಂತೆ ತಂಪಾಗಿಯೇ ಇರುತ್ತದೆ. ನೀರೆಲ್ಲ ಹೋಗಿ ಮಾಂಸ ಕಾಯುವ ವೇಳೆಗೆ ಬ್ಯಾಕ್ಟೀರಿಯಾಗಳೂ ಒಣಗಿ ಗಡುಸಾಗಿರುತ್ತವೆ. ಹಸಿಯಾಗಿದ್ದಾಗ ಕೊಲ್ಲಬಲ್ಲ ಕಾವು ಒಣಗಿದ ಮೇಲೆ ಅವುಗಳಿಗೆ ತಾಗದು.

ಕಾರಣ ತಿಳಿದರೆ ಪರಿಹಾರ ತಾನಾಗಿಯೇ ಹೊಳೆಯುತ್ತದೆ: ಮೊದಲು ಹಸಿಕಾವು, ಆಮೇಲೆ ಒಣಕಾವು. ಕೊಬ್ಬು ಬೇಗ ಕಮಟುವುದರಿಂದ ಅದನ್ನು ಪೂರ್ತಿ ತೆಗೆದು, ತೊಡೆಯ ಭಾಗದ ಮಾಂಸವನ್ನು ಅರ್ಧ ಹೆಪ್ಪುಗಟ್ಟಿಸಿ, ಕಾಲಂಗುಲ ದಪ್ಪಕ್ಕೆ ಮೀರದಂತೆ ಕೊಯ್ಯಬೇಕು. ಉಪ್ಪುಖಾರದ ರಸದಲ್ಲಿ ನೆನೆಹಾಕುವುದು ರೆಫ್ರಿಜರೇಟರಿನ ಒಳಗೇ ಆಗಬೇಕು. ಬಳಿಕ ಆ ರಸದಲ್ಲಿಯೇ ಕುದಿಸಿಯೋ ಒಲೆಯಲ್ಲಿಟ್ಟೋ ಮಾಂಸದ ಒಳಗಿನ ಕಾವು 71 ಡಿಗ್ರಿಗೆ ಮುಟ್ಟಿತೆಂದು ಉಷ್ಣಮಾಪಕದಿಂದ ನೋಡಿಕೊಳ್ಳಬೇಕು. ಅದಾದ ಮೇಲೆಯೇ ಹೊಗೆಪೆಟ್ಟಿಗೆ, 54ರಿಂದ 60 ಡಿಗ್ರಿಯ ಕಾವಿನಲ್ಲಿ. ಆರಿದ ಪಟ್ಟಿಯನ್ನು ಬಾಗಿಸಿದಾಗ ಬಿರುಕು ಬಿಡಬೇಕು, ಎರಡು ತುಂಡಾಗಬಾರದು. ಆ ಗುರುತು ಕೈ ಹೇಳುವ ಹದ. 71 ಡಿಗ್ರಿಯ ಗುರುತು ಮಾತ್ರ ಕೈಗೆ ಎಟುಕದು. ಕೆಲವರು ಸೋಡಿಯಂ ನೈಟ್ರೈಟ್ ಬೆರೆತ ಉಪ್ಪನ್ನೂ ಬಳಸುತ್ತಾರೆ. ಅಡುಗೆಯ ಉಪ್ಪೆಂದು ಯಾರೂ ಭ್ರಮಿಸದಿರಲೆಂದೇ ಅದಕ್ಕೆ ಗುಲಾಬಿ ಬಣ್ಣ ಹಾಕಿರುತ್ತಾರೆ; ಅಳತೆ ಮೀರಿದರೆ ಅದು ವಿಷ. ಚಿಟಿಕೆಯ ಅಂದಾಜು ಅಲ್ಲಿ ಸಲ್ಲದು.

ಹಾಗಾದರೆ ಹೊಗೆಯ ಪಾಲೇನು? ಹೊಗೆಯಲ್ಲಿ ಸೂಕ್ಷ್ಮಜೀವಿಗಳನ್ನು ತಡೆಯುವ ದ್ರವ್ಯಗಳು ಇಲ್ಲದಿಲ್ಲ. ಆದರೆ ಅವು ಕೂರುವುದು ಮೇಲ್ಮೈಯ ಮೇಲೆ ಮಾತ್ರ. ಹೊಗೆ ಕೊಡುವುದು ಮುಖ್ಯವಾಗಿ ಬಣ್ಣ ಮತ್ತು ಪರಿಮಳ. ಹೊಗೆ ತಾಗಿದ ಮಾತ್ರಕ್ಕೆ ಮಾಂಸ ಬೆಂದಂತಾಗದು, ಶುದ್ಧವಾದಂತೆಯೂ ಆಗದು. ಮೇಲಾಗಿ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಉಪ್ಪು ಹೊಗೆಗಳಿಂದ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ವರ್ಗದಲ್ಲಿ ಸೇರಿಸಿತು. ಒಮ್ಮೊಮ್ಮೆ ತಿಂದರೆ ಕೇಡೆಂದು ಇದರ ಅರ್ಥವಲ್ಲ. ದಿನದಿನವೂ ತಿನ್ನುವ ಆಹಾರ ಇದಾಗಬಾರದೆಂದು ತಿಳಿದರೆ ಸಾಕು.

ಇಷ್ಟೆಲ್ಲ ಅಳತೆಗೋಲುಗಳನ್ನು ತಂದರೆ ಅಡುಗೆ ಪ್ರಯೋಗಶಾಲೆಯಾಗುವುದಿಲ್ಲವೆ, ರುಚಿ ಸಾಯುವುದಿಲ್ಲವೆ ಎಂದು ಕೆಲವರು ಕೇಳುತ್ತಾರೆ. ಮೊದಲೇ ಕುದಿಸಿದ ಜರ್ಕಿಯ ರೂಪ, ರುಚಿಗಳು ತುಸು ಬೇರೆಯಾಗುತ್ತವೆಂಬುದು ನಿಜ. ಆದರೂ ಹಿರಿಯರ ಹೆಸರೆತ್ತಿ ಈ ಆಕ್ಷೇಪ ಮಾಡುವವರು ಹಿರಿಯರನ್ನು ಅರಿತವರಲ್ಲವೆಂದೇ ನನ್ನ ಅಭಿಪ್ರಾಯ. ಆಂಡೀಸಿನ ಹೆಂಗಸು ಚಳಿಗಾಲಕ್ಕಾಗಿ ಕಾದಳು. ಕೇರಿಯ ತಾಯಿ ಮೋಡ ಕವಿದ ದಿನ ಮಾಂಸ ಹರವಲಿಲ್ಲ. ಕೊಡಗಿನವರು ಮಳೆಯನ್ನು ಕಂಡು ಒಲೆಯನ್ನು ಆಶ್ರಯಿಸಿದರು. ತಮ್ಮ ಗಾಳಿ, ಬಿಸಿಲುಗಳನ್ನು ಅಷ್ಟು ಸೂಕ್ಷ್ಮವಾಗಿ ಅಳೆದವರಿಗೆ ಉಷ್ಣಮಾಪಕವೊಂದು ಸಿಕ್ಕಿದ್ದರೆ ಅವರು ಅದನ್ನು ಒಲ್ಲೆನ್ನುತ್ತಿದ್ದರೆ? ಅವರ ಕೈಯ ಬೆರಗನ್ನು ಕೊಂಡಾಡುತ್ತ ಅವರ ಎಚ್ಚರವನ್ನು ಬಿಟ್ಟುಬಿಡುವುದು ಗೌರವವೆನಿಸದು.

ಇದರಲ್ಲಿ ನಮ್ಮ ವಿದ್ಯಾಲಯಗಳಿಗೂ ಒಂದು ಕೆಲಸವಿದೆ. ಜರ್ಕಿಯ ಬಗ್ಗೆ ಇಂದು ಕಾವು, ಕಾಲ, ದಪ್ಪಗಳ ಲೆಕ್ಕವೆಲ್ಲ ಬರೆದಿಟ್ಟದ್ದು ಸಿಗುತ್ತದೆ. ನಮ್ಮ ಕೊರಬಾಡಿನ ಹದವಾದರೋ ಬಹುತೇಕ ಬರೆಹಕ್ಕೆ ಬಾರದೆ ಕೇರಿಗಳ ಮುದುಕಿಯರ ಕೈಯಲ್ಲಿಯೇ ಉಳಿದಿದೆ. ನಮ್ಮ ಹೆಚ್ಚಿನ ಪಾಕಶಾಸ್ತ್ರದ ಪುಸ್ತಕಗಳು ಅದರತ್ತ ತಿರುಗಿಯೂ ನೋಡಲಿಲ್ಲ. ಹಾಗೆ ನೋಡದಿದ್ದುದಕ್ಕೆ ಕಾರಣ ರುಚಿಯಲ್ಲ, ಜಾತಿ. ಯಾವ ತಿಂಗಳಿನ ಬಿಸಿಲು, ಎಷ್ಟು ಉಪ್ಪು, ಎಷ್ಟು ದಿನ, ಹೇಗೆ ಕಾಪಿಡುವುದು ಎಂದು ಆ ಮುದುಕಿಯರನ್ನು ಕೇಳಿ, ವಿಜ್ಞಾನದ ಅಧ್ಯಾಪಕರೂ ಕನ್ನಡದ ವಿದ್ಯಾರ್ಥಿಗಳೂ ಜೊತೆಗೂಡಿ ಬರೆದಿಡಬಾರದೇಕೆ? ಅವರ ಮೊಮ್ಮಕ್ಕಳು ನಾಳೆ ಬೆಂಗಳೂರಿನ ಬಹುಮಹಡಿ ಮನೆಯಲ್ಲಿಯೋ ಅಮೆರಿಕದ ಹಿತ್ತಿಲಿನಲ್ಲಿಯೋ ಮಾಂಸ ಒಣಗಿಸಲು ಕೂತಾಗ, ಊರಿನ ಬಿಸಿಲು ಅವರ ಜೊತೆ ಬಂದಿರುವುದಿಲ್ಲ. ಅಜ್ಜಿ ಯಾವುದನ್ನು ಏಕೆ ಮಾಡುತ್ತಿದ್ದಳೆಂಬುದು ತಿಳಿದಿದ್ದರೆ, ಇಲ್ಲದ ಬಿಸಿಲಿನ ಜಾಗದಲ್ಲಿ ಏನನ್ನು ಇಡಬೇಕೆಂಬುದನ್ನು ಅವರು ತಾವೇ ಕಂಡುಕೊಂಡಾರು.