ಹುಲ್ಲು ಹಾಕುವ ಕೈಗೆ ಹೆಸರಿಲ್ಲವೇ?

ಮಗುವನ್ನು ಶಾಲೆಗೆ ಸೇರಿಸುವಾಗ ತಂದೆಯ ಉದ್ಯೋಗ ‘ವ್ಯವಸಾಯ’, ತಾಯಿಯದು ‘ಮನೆಗೆಲಸ’ ಎಂದು ಬರೆಸುವ ಗಂಡಸರನ್ನು ಕಂಡರೆ ನನಗೆ ರೇಗುತ್ತದೆ. ಹಾಗಾದರೆ ಕೊಟ್ಟಿಗೆಯ ಹಸುವಿಗೆ ಹುಲ್ಲು ಹಾಕುವವರು ಯಾರು ಸ್ವಾಮಿ?

ಬಣವೆ ಒಟ್ಟುವ ಕಷ್ಟ ಈಗೆಲ್ಲಿ, ಯಂತ್ರವೇ ಪೆಂಡಿ ಕಟ್ಟಿಕೊಡುತ್ತದಲ್ಲ ಎನ್ನುತ್ತಾರೆ. ಯಂತ್ರದ ಕೆಲಸ ಗದ್ದೆಯಲ್ಲೇ ಮುಗಿಯಿತು. ಪೆಂಡಿಯೊಳಗೆ ಪಸೆ ಉಳಿದರೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಕೈ ತೂರಿಸಿ ನೋಡುವವಳು ಅವಳು. ನೆಲದ ತೇವ ತಾಗದಂತೆ ಕಲ್ಲು, ಮರದ ತುಂಡು ಹಾಸಿ, ಮೇಲೆ ಹೊದಿಸಿ, ಮಳೆಯಿಂದ ಕಾಯುವವಳು ಅವಳು. ಕತ್ತರಿಸದೆ ಹಾಕಿದರೆ ದನ ತಿನ್ನುವುದಕ್ಕಿಂತ ತುಳಿಯುವುದೇ ಹೆಚ್ಚೆಂದು ಬಲ್ಲವಳೂ ಅವಳೇ. ಭತ್ತದ ಹುಲ್ಲಿನಲ್ಲಿ ಸತ್ವ ಸಾಲದೆಂದು 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡುವ ಕ್ರಮವಿದೆ. ಅಳತೆ ಮೀರಿದರೆ ದನಕ್ಕೆ ವಿಷ. ಇಷ್ಟು ಲೆಕ್ಕ ಬೇಡುವುದು ಬರೀ ಮನೆಗೆಲಸವೇ?

ಆದರೂ ಹಾಲಿನ ಸಂಘದ ಪಾಸ್‌ಬುಕ್ಕು ಎಷ್ಟೋ ಮನೆಗಳಲ್ಲಿ ಗಂಡನ ಹೆಸರಿನಲ್ಲಿದೆ. ಸದಸ್ಯತ್ವವಿಲ್ಲದವಳಿಗೆ ಸಂಘದಲ್ಲಿ ಓಟೂ ಇಲ್ಲ, ಮಾತೂ ಇಲ್ಲ.

ಬೆಳಗಾದರೆ ಹಾಲಿನ ಪ್ಯಾಕೆಟ್ಟು ಕತ್ತರಿಸುವ ಪೇಟೆಯ ಅಕ್ಕತಂಗಿಯರೇ, ಊರಿನಲ್ಲಿರುವ ನಿಮ್ಮ ಅತ್ತಿಗೆ ನಾದಿನಿಯರಿಗೆ ಹೇಳಿ: ಸದಸ್ಯತ್ವ ನಿನ್ನ ಹೆಸರಿಗೆ ಮಾಡಿಸಿಕೋ. ಉದ್ಯೋಗ ಕೇಳಿದಾಗ ತಲೆಯೆತ್ತಿ ‘ಹೈನುಗಾರಿಕೆ’ ಎನ್ನು. ಬರೆದುಕೊಳ್ಳಲು ನನ್ನಂಥ ಮೇಡಂಗಳು ಕಾದಿದ್ದೇವೆ.